ಕೇವಟರ ಗಂಗೆ: ಕಾಶಿಯ ಗಾಳ ಮತ್ತು ಬಲೆಯ ಚರಿತ್ರೆ

ಕಾಶಿಯ ಬಳಿ ಗಂಗೆ ದಿಕ್ಕು ಬದಲಿಸಿ ಉತ್ತರಕ್ಕೆ ಹರಿಯುತ್ತದೆ. ಬಿಲ್ಲಿನಂತೆ ಬಾಗಿದ ಈ ತಿರುವಿನಲ್ಲಿ ನೀರಿನ ಸೆಳೆತವೆಲ್ಲ ಪಶ್ಚಿಮದ ದಡಕ್ಕೆ, ಅಂದರೆ ಘಾಟುಗಳಿರುವ ಕಡೆಗೆ, ಒತ್ತಿಕೊಂಡು ಬರುತ್ತದೆ. ಆ ದಡ ಸುಣ್ಣದ ಹರಳು ಬೆರೆತ ಗಟ್ಟಿ ಮಣ್ಣಿನದು, ಕೊರೆತಕ್ಕೆ ಬೇಗ ಜಗ್ಗುವುದಿಲ್ಲ. ಎದುರು ದಡದಲ್ಲಿ ಹೊಳೆ ತಾನು ಹೊತ್ತು ತಂದ ಮರಳನ್ನು ಸುರಿದು ಹೋಗುತ್ತದೆ. ಹೀಗಾಗಿ ಆಳದ ಮಡುಗಳು ಮೆಟ್ಟಿಲುಗಳ ಬುಡದಲ್ಲಿ, ಮರಳದಿಣ್ಣೆ ಆಚೆಗೆ. ಯಾತ್ರಿಕರು ಮುಳುಗು ಹಾಕುವ ಜಾಗವೇ ದೊಡ್ಡ ಮೀನು ತಂಗುವ ಜಾಗವೂ ಹೌದು. ಕಾಶಿಯಲ್ಲಿ ಮೀನು ಹಿಡಿಯುವವರ ಪಾಡನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಈ ಒಂದು ಸಂಗತಿ.

ವರ್ಷದಲ್ಲಿ ನದಿಗೆ ಎರಡು ಮುಖ. ಬೇಸಿಗೆಯ ಕೊನೆಗೆ, ಜ್ಯೇಷ್ಠ ಮಾಸದಲ್ಲಿ, ನೀರು ಕುಗ್ಗಿ ತಿಳಿಯಾಗುತ್ತದೆ. ಪೂರ್ವದ ಮರಳು ಅಗಲವಾಗಿ ಹರಡಿಕೊಳ್ಳುತ್ತದೆ, ದೋಣಿ ನಡೆಸುವ ಮಲ್ಲಾಹರು ಅದರಲ್ಲಿ ಕರಬೂಜ, ಸೌತೆ ಬೆಳೆಯುತ್ತಾರೆ. ಮೀನೆಲ್ಲ ಮಡುಗಳಿಗೆ ಸೇರಿಕೊಳ್ಳುವ ಕಾಲ ಅದು. ಗಾಳದವನಿಗೆ ತಾಳ್ಮೆ ಇದ್ದರೆ ಸಾಕು. ಆಷಾಢ ಕಳೆಯುತ್ತಿದ್ದಂತೆ ಕೆಂಪು ನೀರು ಬರುತ್ತದೆ. ಶ್ರಾವಣ, ಭಾದ್ರಪದಗಳಲ್ಲಿ ಮೆಟ್ಟಿಲುಗಳು ಒಂದೊಂದಾಗಿ ಮುಳುಗಿ, ಒಂದು ಘಾಟಿನಿಂದ ಇನ್ನೊಂದಕ್ಕೆ ನಡೆದು ಹೋಗುವ ದಾರಿಯೇ ಇರುವುದಿಲ್ಲ. ಇಲ್ಲಿ ಅಪಾಯದ ಮಟ್ಟ 71.262 ಮೀಟರ್, 1978ರ ಸೆಪ್ಟೆಂಬರಿನಲ್ಲಿ ನೀರು 73.901 ಮೀಟರಿಗೆ ಏರಿತ್ತು. ರೋಹು, ಕಾಟ್ಲಾ, ಮೃಗಾಲ ಮೊಟ್ಟೆಯಿಡುವುದು ಈ ನೆರೆಯಲ್ಲೇ. ದಡ ಮೀರಿದ ನೀರು ನಿಂತ ತಗ್ಗುಗಳಲ್ಲಿ ಮರಿಗಳು ಬೆಳೆದು, ನೆರೆ ಇಳಿದಾಗ ಹೊಳೆಗೆ ಬಂದು ಸೇರುತ್ತವೆ. ನೆರೆ ತಪ್ಪಿದ ವರ್ಷ ಬಲೆಯೂ ಬರಿದು.

ಇಲ್ಲಿನ ಗಾಳಗಾರರ ನೆನಪು ಬಹಳ ಹಳೆಯದು. ಬೌದ್ಧ ಜಾತಕಗಳಲ್ಲಿ ಎಷ್ಟೋ ಕತೆಗಳು ವಾರಾಣಸಿಯಲ್ಲಿ ಬ್ರಹ್ಮದತ್ತ ಆಳುತ್ತಿದ್ದ ಕಾಲದಲ್ಲಿ ನಡೆಯುತ್ತವೆ. ಅವುಗಳಲ್ಲಿ ಉಭತೋಭಟ್ಠ ಜಾತಕ ಒಂದು ಗಾಳಗಾರರ ಹಳ್ಳಿಯ ಕತೆ. ಒಬ್ಬ ತನ್ನ ಪುಟ್ಟ ಮಗನನ್ನು ಕರೆದುಕೊಂಡು ಹೋಗಿ ಗಾಳ ಬೀಸುತ್ತಾನೆ. ಕೊಕ್ಕೆ ನೀರಿನೊಳಗಿನ ಮರದ ಮೋಟಿಗೆ ಸಿಕ್ಕಿಕೊಳ್ಳುತ್ತದೆ. ಎಳೆದರೆ ಬಾರದು, ಭಾರೀ ಮೀನು ಎಂದು ಅವನ ಲೆಕ್ಕ. ನೆರೆಯವರು ಪಾಲಿಗೆ ಬಂದಾರೆಂಬ ಹೆದರಿಕೆಗೆ, ಊರವರೊಂದಿಗೆ ಜಗಳ ತೆಗೆಯುವಂತೆ ಹೆಂಡತಿಗೆ ಹೇಳಿ ಕಳಿಸುತ್ತಾನೆ. ಅವಳು ಒಂದೇ ಕಿವಿಗೆ ತಾಳೆಗರಿ ಸಿಕ್ಕಿಸಿ, ಒಂದೇ ಕಣ್ಣಿಗೆ ಪಾತ್ರೆಯ ಮಸಿ ಬಳಿದು, ನಾಯಿಯೊಂದನ್ನು ಕಂಕುಳಲ್ಲಿ ಎತ್ತಿಕೊಂಡು ಪಕ್ಕದ ಮನೆಗೆ ಹೋಗುತ್ತಾಳೆ. ಜಗಳ ಊರ ಮುಖಂಡನ ಮುಂದೆ ಹೋಗಿ ದಂಡ ತೆರಬೇಕಾಗುತ್ತದೆ. ಇತ್ತ ಗಂಡ ಬಟ್ಟೆ ಕಳಚಿಟ್ಟು ನೀರಿಗೆ ಧುಮುಕಿ, ಮೋಟಿಗೆ ಬಡಿದು ಕಣ್ಣು ಕಳೆದುಕೊಳ್ಳುತ್ತಾನೆ. ದಡದ ಮೇಲಿದ್ದ ಬಟ್ಟೆಯನ್ನು ಕಳ್ಳ ಒಯ್ಯುತ್ತಾನೆ. ಎರಡೂ ಕಡೆ ಕೆಟ್ಟವನ ಕತೆ ಎಂದು ಇದಕ್ಕೆ ಹೆಸರು. ನೀತಿ ಒತ್ತಟ್ಟಿಗಿರಲಿ, ಗಾಳದಿಂದಲೇ ಬದುಕುವ ಹಳ್ಳಿಗಳಿದ್ದವು, ದೊಡ್ಡ ಮೀನು ಸಿಕ್ಕರೆ ನೆರೆಹೊರೆಗೆ ಪಾಲು ಸಲ್ಲುತ್ತಿತ್ತು ಎಂಬುದನ್ನು ಈ ಕತೆ ಹೇಳದೆಯೇ ಹೇಳುತ್ತದೆ. ಪಾಲಿನ ವಾಡಿಕೆ ಇಲ್ಲದ ಊರಿನಲ್ಲಿ ಅವನಿಗೆ ಆ ಹೆದರಿಕೆಯೇ ಹುಟ್ಟುತ್ತಿರಲಿಲ್ಲ.

ಮೀನು ಹಿಡಿಯುವವರ ಹೆಸರು ಕಲ್ಲಿನ ಮೇಲೆ ಬಂದದ್ದು ಅಶೋಕನಿಂದ. ಪಟ್ಟಾಭಿಷೇಕವಾಗಿ 26 ವರ್ಷ ತುಂಬಿದಾಗ, ಅಂದರೆ ಸುಮಾರು ಕ್ರಿ.ಪೂ. 243ರಲ್ಲಿ, ಆತ ಬರೆಸಿದ ಐದನೆಯ ಸ್ತಂಭಶಾಸನ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಕೊಡುತ್ತದೆ. ಅದರಲ್ಲಿ 'ಗಂಗಾಪುಪುಟಕ' ಎಂಬ ಹೆಸರಿದೆ. ಅದು ಗಂಗೆಯ ಡಾಲ್ಫಿನ್ ಇರಬೇಕೆಂದು ಹಲವು ವಿದ್ವಾಂಸರ ಮತ. ಚಾತುರ್ಮಾಸ್ಯದ ಹುಣ್ಣಿಮೆಗಳು, ತಿಷ್ಯ ನಕ್ಷತ್ರದ ಹುಣ್ಣಿಮೆ, ಉಪವಾಸದ ದಿನಗಳು – ಇವುಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂಬಾರದು. ಅದೇ ದಿನಗಳಲ್ಲಿ ಆನೆಯ ಕಾಡುಗಳಲ್ಲಿ ಮತ್ತು 'ಕೇವಟಭೋಗ'ಗಳಲ್ಲಿ ಇತರ ಜೀವಿಗಳನ್ನೂ ಕೊಲ್ಲಬಾರದು. ಕೇವಟಭೋಗವೆಂದರೆ ಕೇವಟರ, ಅಂದರೆ ಮೀನುಗಾರರ, ಅನುಭೋಗದಲ್ಲಿದ್ದ ನೀರು. ಈ ಶಾಸನವಿರುವ ಕಂಬಗಳಲ್ಲಿ ಒಂದು ಕಾಶಿಯಿಂದ ಸುಮಾರು 120 ಕಿಲೋಮೀಟರ್ ಮೇಲಕ್ಕೆ, ಪ್ರಯಾಗದ ಕೋಟೆಯೊಳಗಿದೆ. ಮೀನಿಗೆ ರಜೆಯ ದಿನಗಳನ್ನು ಗೊತ್ತುಮಾಡಿದ ಆಜ್ಞೆ ಎಂದು ಇದನ್ನು ಓದುವುದು ವಾಡಿಕೆ. ಅಷ್ಟೇ ಮುಖ್ಯವಾದುದು ಇನ್ನೊಂದಿದೆ. ಕೇವಟರಿಗೆ ತಮ್ಮದೆಂದು ಹೇಳಿಕೊಳ್ಳುವ ನೀರು ಇತ್ತೆಂಬುದನ್ನು ರಾಜ್ಯವೇ ಒಪ್ಪಿದ್ದ ದಾಖಲೆ ಇದು. ಆ ಜಾತಿಯ ಹೆಸರು ಎರಡು ಸಾವಿರ ವರ್ಷ ದಾಟಿ, ಕೇವಟ್ ಎಂದು ಇಂದಿಗೂ ಅದೇ ದಡದಲ್ಲಿ ಉಳಿದಿದೆ. ರಾಮನನ್ನು ಹೊಳೆ ದಾಟಿಸಿದವನ ವಂಶ ತಮ್ಮದೆಂದು ಅವರು ಹೇಳಿಕೊಳ್ಳುತ್ತಾರೆ. ಮಲ್ಲಾಹ ಎಂಬುದು ನಾವಿಕನಿಗೆ ಅರಬ್ಬಿಯಿಂದ ಬಂದ ಮಾತು. ನಿಷಾದ ಎಂಬುದು ಈ ಸಮುದಾಯಗಳು ಈಗ ಒಟ್ಟಾಗಿ ಅಭಿಮಾನದಿಂದ ಧರಿಸುವ ಹೆಸರು.

ಗಾಳವನ್ನು ಶಾಸ್ತ್ರವಾಗಿ ಬರೆದಿಟ್ಟ ಕೀರ್ತಿ ಮಾತ್ರ ಕಾಶಿಯದಲ್ಲ, ಕಲ್ಯಾಣದ್ದು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನುಗಳ ಜಾತಿ, ಅವುಗಳಿಗೆ ಹಾಕಬೇಕಾದ ಆಹಾರ, ದಾರ, ಕೋಲು, ಕೊಕ್ಕೆ, ಮೀನನ್ನು ದಣಿಸಿ ಎಳೆಯುವ ಬಗೆ – ಎಲ್ಲವೂ ಅದರಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಗಾಳದ ಗ್ರಂಥ 1496ರದು. ಬಸವಕಲ್ಯಾಣದ ಅರಸ ಅದಕ್ಕಿಂತ ಮೂರೂವರೆ ಶತಮಾನ ಮೊದಲೇ ಬರೆದಿದ್ದ. ಪ್ರಾಣಿಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1950ರ ಆಸುಪಾಸಿನಲ್ಲಿ ಅರ್ಥಶಾಸ್ತ್ರ, ಅಶೋಕನ ಐದನೆಯ ಶಾಸನ, ಮಾನಸೋಲ್ಲಾಸ ಮೂರನ್ನೂ ಮೀನಿನ ಕಣ್ಣಿನಿಂದ ಓದಿ ಲೇಖನಗಳನ್ನು ಪ್ರಕಟಿಸಿದರು. ಕೇವಟರಿಗೆ ಹೊಟ್ಟೆಪಾಡಾಗಿದ್ದ ಗಾಳ ಸೋಮೇಶ್ವರನ ಕೈಯಲ್ಲಿ ವಿನೋದವಾಯಿತು. ಈ ಎರಡು ದಾರಿಗಳು ಮುಂದೆ ಎಲ್ಲ ಕಾಲದಲ್ಲೂ ಬೇರೆಬೇರೆಯಾಗಿಯೇ ಸಾಗಿದವು.

ಅದೇ ಹನ್ನೆರಡನೆಯ ಶತಮಾನದಲ್ಲಿ ಕಾಶಿಯನ್ನು ಆಳುತ್ತಿದ್ದವರು ಗಾಹಡವಾಲರು. ಆ ಕಾಲದ ತೀರ್ಥಗಳಲ್ಲಿ ಮತ್ಸ್ಯೋದರಿಗೆ ದೊಡ್ಡ ಸ್ಥಾನ. ಊರಿನ ಉತ್ತರಕ್ಕಿದ್ದ ಕೆರೆ ಅದು. ಜೋರು ಮಳೆಗಾಲದಲ್ಲಿ ಗಂಗೆ ಉಕ್ಕಿ, ವರುಣಾ ನದಿಯೊಳಕ್ಕೆ ಹಿಮ್ಮುಖವಾಗಿ ನುಗ್ಗಿ, ಅಲ್ಲಿಂದ ಮತ್ಸ್ಯೋದರಿಗೆ ತುಂಬಿ, ಮತ್ತೆ ಒಳಗಿನ ಕೆರೆಗಳಿಗೆ ಹರಿಯುತ್ತಿತ್ತು. ಸುತ್ತಲೂ ನೀರು ಆವರಿಸಿದ ಕಾಶಿ ಆಗ ಮೀನಿನ ಹೊಟ್ಟೆಯ ಆಕಾರ ತಾಳುತ್ತದೆಂದು ನಂಬಿದ್ದರು. ಆ ಯೋಗದಲ್ಲಿ ಮಾಡಿದ ಸ್ನಾನಕ್ಕೆ ಪುಣ್ಯ ಹೆಚ್ಚು. ಊರಿನೊಳಕ್ಕೆ ನೆರೆ ಬಂತೆಂದರೆ ಈಗ ದುರಂತದ ಸುದ್ದಿ. ಆಗ ಅದು ಪರ್ವ. ಮೀನಿನ ದೃಷ್ಟಿಯಿಂದ ನೋಡಿದರೂ ಆ ಹಿಮ್ಮುಖ ಹರಿವಿಗೆ ಬೆಲೆಯಿತ್ತು, ಏಕೆಂದರೆ ಹೊಳೆಯ ಮೀನಿನ ಮರಿಗಳಿಗೆ ಬೇಕಾದುದು ಅಂಥ ತಗ್ಗಿನ ನೀರೇ.

ಮತ್ಸ್ಯೋದರಿಯನ್ನು ಬತ್ತಿಸಿದವನು ಜೇಮ್ಸ್ ಪ್ರಿನ್ಸೆಪ್. 1820ರಿಂದ 1830ರವರೆಗೆ ಬನಾರಸಿನ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಈತ ಊರಿನ ಮೊದಲ ನಿಖರ ನಕ್ಷೆಯನ್ನು ತಯಾರಿಸಿದ, ಅದು 1822ರದು. ನೆಲದಡಿಯಲ್ಲಿ ಕಾಲುವೆ ತೋಡಿಸಿ ಕೆರೆಯ ನೀರನ್ನು ಗಂಗೆಗೆ ಬಿಡಿಸಿದ. ಊರಿನ ಆರೋಗ್ಯಕ್ಕಾಗಿ ಮಾಡಿದ ಕೆಲಸ ಅದು, ಅದರಿಂದ ಉಪಕಾರವೂ ಆಯಿತು. ಇಂದು ಆ ಜಾಗದಲ್ಲಿ ಮಛೋದರಿ ಎಂಬ ಉದ್ಯಾನವಿದೆ, ಮೀನು ಹೆಸರಿನಲ್ಲಿ ಮಾತ್ರ ಉಳಿದಿದೆ. ಇದೇ ಪ್ರಿನ್ಸೆಪ್ ಕಲ್ಕತ್ತೆಗೆ ಹೋದ ಮೇಲೆ, 1837ರಲ್ಲಿ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿ ಅಶೋಕನ ಸ್ತಂಭಶಾಸನಗಳನ್ನು ಓದಿದ. ಮೀನಿನ ಹೊಟ್ಟೆಯ ಕೆರೆಯನ್ನು ಬರಿದು ಮಾಡಿದವನೇ ಕೇವಟರ ನೀರಿನ ಬಗ್ಗೆ ಬರೆದ ಕಲ್ಲಿಗೆ ಮತ್ತೆ ಬಾಯಿ ಕೊಟ್ಟ.

ನಕ್ಷೆಯ ವರ್ಷವೇ, 1822ರಲ್ಲಿ, ಎಡಿನ್‌ಬರೋದಲ್ಲಿ ಗಂಗೆಯ ಮೀನುಗಳ ಕುರಿತ ದೊಡ್ಡ ಗ್ರಂಥವೊಂದು ಅಚ್ಚಾಯಿತು. ಬರೆದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಕನ್ನಡಿಗರಿಗೆ ಈತ ಬುಕಾನನ್ ಎಂದೇ ಪರಿಚಿತ. ಟಿಪ್ಪು ಮಡಿದ ಮರುವರ್ಷ, 1800–01ರಲ್ಲಿ, ಮೈಸೂರು, ಕೆನರಾ, ಮಲಬಾರುಗಳಲ್ಲಿ ಊರೂರು ತಿರುಗಿ ಬೆಳೆ, ಕಸುಬು, ಕಂದಾಯಗಳನ್ನು ಬರೆದಿಟ್ಟವನು ಇವನೇ. ಆಮೇಲೆ ತಾಯಿಯ ಮನೆತನದ ಹೆಸರು ಹ್ಯಾಮಿಲ್ಟನ್ ಎಂಬುದನ್ನು ತೆಗೆದುಕೊಂಡ. ಬಂಗಾಳ ಪ್ರೆಸಿಡೆನ್ಸಿಯ ಸಮೀಕ್ಷೆಗೆಂದು 1807ರಿಂದ 1814ರವರೆಗೆ ಗಂಗೆಯ ಬಯಲಿನಲ್ಲಿ ಅಲೆಯುವಾಗ ಮೀನುಗಳನ್ನು ಸಂಗ್ರಹಿಸಿ, ಭಾರತೀಯ ಚಿತ್ರಗಾರರಿಂದ ಬರೆಸಿದ.

ಹ್ಯಾಮಿಲ್ಟನ್ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಇಲ್ಲಿ ನಿಂತು ನೋಡಬೇಕು. ಜಾತಿಗಳಿಗೆ ಹೆಸರಿಡುವಾಗ ಆತ ಲ್ಯಾಟಿನ್ ಪದಗಳಿಗಾಗಿ ಹೆಚ್ಚು ಹುಡುಕಲಿಲ್ಲ. ದಡದ ಮೀನುಗಾರರು ಕರೆಯುತ್ತಿದ್ದ ಹೆಸರುಗಳನ್ನೇ ಬರೆದುಕೊಂಡ. ರೋಹಿತಾ, ಕಾಟ್ಲಾ, ಮೃಗಾಲಾ, ಇಲಿಶಾ, ರೀಟಾ, ಗರುವಾ, ವಾಚಾ, ಬಗಾರಿಯಸ್, ಕಂಕಿಲಾ – ಇಂದು ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಈ ಮೀನುಗಳ ಪ್ರಸ್ತಾಪ ಬಂದರೂ ಬಾಯಿಗೆ ಬರುವುದು ಗಂಗೆಯ ಬೆಸ್ತರ ಮಾತೇ. ಮಹಸೀರ್‌ನ ಒಂದು ಜಾತಿಗೆ ಆತ ಇಟ್ಟ 'ಟಾರ್' ಎಂಬ ಹೆಸರು ಈಗ ಆ ಇಡೀ ಕುಲದ ಹೆಸರು. ಕಾವೇರಿಯ ಮಹಸೀರ್ ಕೂಡ ಅದೇ ಕುಲಕ್ಕೆ ಸೇರಿದ್ದು. ಹೆಸರು ಹೇಳಿಕೊಟ್ಟವರು ಯಾರೆಂದು ಗ್ರಂಥದಲ್ಲಿ ಬರಲಿಲ್ಲ. ಹೆಸರಿನ ಕೊನೆಗೆ ಹ್ಯಾಮಿಲ್ಟನ್, 1822 ಎಂದು ಸೇರಿತು. ಶಾಸ್ತ್ರದ ಕ್ರಮವೇ ಹಾಗೆ. ಆದರೆ ಯಾವ ಮೀನು ಯಾವ ಮಡುವಿನಲ್ಲಿ, ಯಾವ ತಿಂಗಳಲ್ಲಿ, ಏನು ತಿನ್ನುತ್ತದೆ ಎಂಬ ತಿಳಿವಳಿಕೆ ಆ ಹೆಸರುಗಳ ಹಿಂದೆ ಇದ್ದೇ ಇತ್ತು, ಅದು ಕೇವಟರದು.

ಇಂಗ್ಲಿಷರೊಂದಿಗೆ ಅವರ ಗಾಳದ ಹವ್ಯಾಸವೂ ಬಂತು. ತಮ್ಮ ದೇಶದಲ್ಲಿ ಅವರು ಹಿಡಿಯುತ್ತಿದ್ದುದು ಟ್ರೌಟ್. ಗರಿ, ನೂಲು ಸುತ್ತಿ ನೊಣದಂತೆ ಕಾಣುವ ಕೊಕ್ಕೆ ಮಾಡಿ, ಅದನ್ನು ನೀರಿನ ಮೇಲೆ ತೇಲಿಬಿಟ್ಟು ಆ ಮೀನನ್ನು ಏಮಾರಿಸುವ ಫ್ಲೈ ಫಿಶಿಂಗ್ ಅವರಲ್ಲಿ ಕಲೆಯಾಗಿ ಬೆಳೆದಿತ್ತು. ಕಾಶಿಯಲ್ಲಿ ಟ್ರೌಟ್ ಬದುಕುವ ಮಾತೇ ಇಲ್ಲ. ನೀರಿನ ಬಿಸಿ 20 ಡಿಗ್ರಿ ದಾಟಿದರೆ ಅದು ಸೊರಗುತ್ತದೆ. ಬೇಸಿಗೆಯ ಕೊನೆಗೆ ಇಲ್ಲಿ ಗಂಗೆಯ ನೀರು 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಟ್ರೌಟ್‌ನ ಮೊಟ್ಟೆಗಳು ಹಡಗೇರಿ ಬಂದದ್ದು ಕಾಶ್ಮೀರಕ್ಕೆ, ನೀಲಗಿರಿಗೆ. ಬಯಲಿನಲ್ಲಿದ್ದವರು ದೇಶೀ ಮೀನುಗಳಲ್ಲೇ ಟ್ರೌಟನ್ನು ಹುಡುಕಿದರು. ಮೈಮೇಲೆ ಚುಕ್ಕೆಗಳಿರುವ, ವೇಗದ ನೀರಿನಲ್ಲಿ ಹುಳುವಿಗೆ ನೆಗೆಯುವ ಬೋಲಾ ಎಂಬ ಮೀನಿಗೆ 'ಇಂಡಿಯನ್ ಟ್ರೌಟ್' ಎಂದು ಕರೆದರು. ಅದನ್ನೂ ಶಾಸ್ತ್ರಕ್ಕೆ ಸೇರಿಸಿದವನು ಹ್ಯಾಮಿಲ್ಟನ್ನನೇ. ಮಹಸೀರ್‌ಗಾಗಿ ಹರಿದ್ವಾರದ ಕಡೆ ಹೋಗುತ್ತಿದ್ದರು.

ಈ ಹವ್ಯಾಸದ ಭಾರತೀಯ ಕೈಪಿಡಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ, 1873ರಲ್ಲಿ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಅದು. ಥಾಮಸ್‌ಗೆ ಗಾಳದ ಮೋಜಿನಷ್ಟೇ ಮೀನಿನ ಸಂತತಿಯ ಚಿಂತೆಯೂ ಇತ್ತು. ಸಣ್ಣ ಕಣ್ಣಿನ ಬಲೆಗಳು ಮರಿಗಳನ್ನು ಬಳಿದು ಹಾಕುತ್ತಿವೆ, ನೀರಿಗೆ ವಿಷ ಬೆರೆಸಿ ಹಿಡಿಯುವುದು ನಿಲ್ಲಬೇಕು ಎಂದು ಆತ ವಾದಿಸಿದ. ಅದೇ ವರ್ಷ ಮೀನುತಜ್ಞ ಫ್ರಾನ್ಸಿಸ್ ಡೇ ದೇಶದ ಸಿಹಿನೀರಿನ ಮೀನುಗಾರಿಕೆಯ ವರದಿ ಕೊಟ್ಟ. ಇಂಥ ಒತ್ತಾಯಗಳ ಫಲವಾಗಿ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದು ಅಪರಾಧವಾಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಸಂಯುಕ್ತ ಪ್ರಾಂತ್ಯಕ್ಕೆ ಪ್ರತ್ಯೇಕ ಕಾಯ್ದೆಯಾಗಿ, ಮೊಟ್ಟೆಯಿಡುವ ಕಾಲದ ನಿರ್ಬಂಧಗಳಿಗೆ ದಾರಿಯಾಯಿತು. ಅಶೋಕ ಹುಣ್ಣಿಮೆ ನೋಡಿ ಗೊತ್ತುಮಾಡಿದ್ದನ್ನು ಹೊಸ ಸರ್ಕಾರ ಮುಂಗಾರನ್ನು ನೋಡಿ ಗೊತ್ತುಮಾಡಿತು. ಮೀನಿನ ಬಾಳಿಗೆ ಹೊಂದುವುದು ಈ ಎರಡನೆಯ ಲೆಕ್ಕವೇ.

ದಡದ ಮೇಲಿನ ಕೆಲಸ ಮಾತ್ರ ಬಹುಕಾಲ ಹಳೆಯ ಹದದಲ್ಲೇ ನಡೆಯಿತು. ಹತ್ತಿ, ಸೆಣಬಿನ ನೂಲಿನ ಬಲೆಗಳನ್ನು ಮನೆಯಲ್ಲೇ ಹೆಣೆಯಬೇಕು. ಪ್ರತಿ ಸಲ ಒಣಗಿಸಬೇಕು, ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಕೊಳೆಯದಂತೆ ಕಾಯಬೇಕು. ಒಬ್ಬನೇ ಎಸೆಯುವ ಬೀಸುಬಲೆ, ಎರಡು ದೋಣಿಗಳ ನಡುವೆ ಎಳೆಯುವ ದೊಡ್ಡ ಬಲೆ, ರಾತ್ರಿಯಿಡೀ ನೀರಿನಲ್ಲಿ ಬಿಟ್ಟು ಬೆಳಗಿನ ಜಾವ ಎತ್ತುವ ಸಾಲುಗಾಳ – ನೀರು, ಕಾಲ, ಮೀನು ನೋಡಿ ಒಂದೊಂದು. ಗಾಳಕ್ಕೆ ಹಿಂದಿಯಲ್ಲಿ ಬಂಸಿ ಎನ್ನುತ್ತಾರೆ. ಕೊಳಲಿಗೂ ಅದೇ ಹೆಸರು. ಬಾಳೆಮೀನಿನಂಥ ದೊಡ್ಡ ಬಾಯಿಯ ಮೀನಿಗೆ ಜೀವಂತ ಸಣ್ಣ ಮೀನನ್ನು ಸಿಕ್ಕಿಸುತ್ತಾರೆ. ರೋಹುವಿಗೆ ಗೋಧಿ ಹಿಟ್ಟಿನ ಉಂಡೆ. ಘಾಟಿನ ಮೆಟ್ಟಿಲ ಮೇಲೆ ಕುಳಿತು ಯಾತ್ರಿಕರು ಪುಣ್ಯಕ್ಕೆಂದು ಮೀನಿಗೆ ಎಸೆಯುವುದೂ ಅದೇ ಹಿಟ್ಟಿನ ಉಂಡೆ. ಬೆರಳ ತುದಿಯಲ್ಲಿ ಹೊಸೆದ, ಕಡಲೆಕಾಳಿನಷ್ಟು ಗಾತ್ರದ ಒಂದೇ ಗುಳಿಗೆ. ಒಂದರೊಳಗೆ ಕೊಕ್ಕೆ ಇರುತ್ತದೆ, ಇನ್ನೊಂದರೊಳಗೆ ಇರುವುದಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನನ್ನು ಯಾರೂ ಮುಟ್ಟುವುದಿಲ್ಲ. ಕಾಶಿಯಲ್ಲಿ ಅಂಥ ಕಟ್ಟು ಇರಲಿಲ್ಲ, ಪೂಜೆ ಮತ್ತು ಹೊಟ್ಟೆಪಾಡು ಒಂದೇ ನೀರಿನಲ್ಲಿ ಪಕ್ಕಪಕ್ಕದಲ್ಲೇ ನಡೆದವು. ದೋಣಿ ದಾಟಿಸುವವರು, ಮುಳುಗಿದವರನ್ನು ಎತ್ತುವವರು, ಮರಳಿನಲ್ಲಿ ಬೆಳೆ ತೆಗೆಯುವವರು, ಮೀನು ಹಿಡಿಯುವವರು ಎಲ್ಲ ಒಂದೇ ಕೇರಿಯವರು. ಸಾಲುಗಾಳ ಎತ್ತಿ ಬಂದ ಕೈಯೇ ಯಾತ್ರಿಕರ ದೋಣಿಯ ಹುಟ್ಟು ಹಿಡಿಯುತ್ತಿತ್ತು.

ಗಂಗೆಯ ಮೀನುಗಳಲ್ಲಿ ಹಿಲ್ಸಾದ ಹಾದಿ ಎಲ್ಲಕ್ಕಿಂತ ಉದ್ದ. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹೊಳೆಗೆ ಎದುರಾಗಿ ಏರಿ ಬರುವ ಮೀನು ಅದು. ಮಳೆಗಾಲದಲ್ಲಿ ಕಾಶಿಯನ್ನು ದಾಟಿ ಪ್ರಯಾಗಕ್ಕೂ ಅದರಾಚೆಗೂ ಹೋಗುತ್ತಿತ್ತು. ಬಂಗಾಳಿ ಟೋಲಾದಂಥ ಕೇರಿಗಳಿರುವ ಕಾಶಿಯಲ್ಲಿ ಅದಕ್ಕೆ ಕಾದು ಕೂರುವವರಿಗೆ ಬರವಿರಲಿಲ್ಲ. 1975ರಲ್ಲಿ ಫರಕ್ಕಾ ಬ್ಯಾರೇಜು ಕೆಲಸ ಆರಂಭಿಸಿತು. ಕಲ್ಕತ್ತೆಯ ಬಂದರಿನ ಹೂಳು ತೊಳೆಯಲು ಹೂಗ್ಲಿಗೆ ನೀರು ತಿರುಗಿಸುವುದು ಅದರ ಉದ್ದೇಶ. ಎರಡು ಕಿಲೋಮೀಟರಿಗೂ ಉದ್ದದ ಆ ಕಟ್ಟೆ ಹಿಲ್ಸಾದ ದಾರಿಗೆ ಅಡ್ಡವಾಯಿತು. ಮೇಲಿನ ಗಂಗೆಯಲ್ಲಿ ಆ ಮೀನು ಕೆಲವೇ ವರ್ಷಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಕಾಶಿಯ ಮೀನುಗಾರರಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಾಗಿಲ್ಲ, ಅದಕ್ಕೆ ಕಾರಣವಾದ ಕಟ್ಟೆಯನ್ನು ಅವರಲ್ಲಿ ಬಹುತೇಕರು ನೋಡಿಯೂ ಇಲ್ಲ.

ರೋಹು, ಕಾಟ್ಲಾಗಳ ಕತೆ ಬೇರೆ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಹಾರ್ಮೋನ್ ಚುಚ್ಚಿ ಈ ಗೆಂಡೆಗಳಿಂದ ಮೊಟ್ಟೆಯಿಡಿಸುವುದರಲ್ಲಿ ಗೆದ್ದರು. ಅಲ್ಲಿಯವರೆಗೆ ದೇಶದ ಕೆರೆಗಳಿಗೆ ಬಿಡುವ ಮರಿಗಳನ್ನು ಹೊಳೆಯಿಂದಲೇ ಬಾಚಿ ತರಬೇಕಿತ್ತು. ಗಂಗೆಯ ಮೀನು ಕರ್ನಾಟಕದ ಕೆರೆಗಳವರೆಗೆ ಹೋಗಿ ಸಾಕುಮೀನಾದದ್ದು ಹೀಗೆ ಹಾರ್ಮೋನ್ ಚುಚ್ಚಿ ಪಡೆದ ಮರಿಗಳಿಂದ. ಆದರೆ ತವರಿನ ಹೊಳೆಯಲ್ಲಿ ಅದು ತೆಳುವಾಗುತ್ತ ಹೋಯಿತು. ಮೇಲೆ ಅಣೆಕಟ್ಟುಗಳು, ಕಾಲುವೆಗಳು. ಊರಿನ ಚರಂಡಿ ನೀರು. ತಗ್ಗುಗಳೆಲ್ಲ ತುಂಬಿ ಎದ್ದ ಬಡಾವಣೆಗಳು. ಇದೇ ಸಮಯದಲ್ಲಿ ನೈಲಾನ್ ಬಲೆ ಬಂತು: ಹೆಣೆಯುವ, ಒಣಗಿಸುವ ತಾಪತ್ರಯವಿಲ್ಲ, ಕಣ್ಣು ಎಷ್ಟು ಸಣ್ಣದಾದರೂ ಅಗ್ಗ. ತೆರವಾದ ನೀರಿಗೆ ಹೊರಗಿನ ಸಾಮಾನ್ಯ ಗೆಂಡೆ, ತಿಲಾಪಿಯಾ ಬಂದು ನೆಲೆಸಿದವು. ಹಿಡಿದ ಮೀನಿನ ಬುಟ್ಟಿಯಲ್ಲಿ ಹ್ಯಾಮಿಲ್ಟನ್ ಬರೆದುಕೊಂಡ ಹೆಸರುಗಳ ಜೊತೆ, ಮಲ್ಲಾಹರ ಹಿರಿಯರು ಹೆಸರೇ ಕೇಳದ ಮೀನುಗಳೂ ಸೇರಿದವು.

ಗಂಗಾ ಕ್ರಿಯಾ ಯೋಜನೆಯನ್ನು ಪ್ರಧಾನಿ ರಾಜೀವ್ ಗಾಂಧಿ 1986ರ ಜೂನ್ 14ರಂದು ಕಾಶಿಯ ರಾಜೇಂದ್ರ ಪ್ರಸಾದ್ ಘಾಟಿನಲ್ಲೇ ಆರಂಭಿಸಿದರು. ಅರೆಬೆಂದ ಶವಗಳನ್ನು ತಿಂದು ನದಿಯನ್ನು ಶುಚಿ ಮಾಡಲೆಂದು ಆಮೆಗಳನ್ನು ಬಿಡುವುದೂ ಅದರಲ್ಲಿ ಸೇರಿತ್ತು. ಸಾರನಾಥದಲ್ಲಿ ಮರಿ ಸಾಕುವ ಕೇಂದ್ರವಾಯಿತು. 1989ರಲ್ಲಿ ರಾಮನಗರ ಕೋಟೆಯಿಂದ ರಾಜಘಾಟಿನ ಮಾಳವೀಯ ಸೇತುವೆಯವರೆಗಿನ ಸುಮಾರು 7 ಕಿಲೋಮೀಟರ್ ನೀರು ಆಮೆಗಳ ವನ್ಯಧಾಮವೆಂದು ಘೋಷಣೆಯಾಗಿ, ಅಷ್ಟು ದೂರದಲ್ಲಿ ಮೀನು ಹಿಡಿಯುವುದು ನಿಷಿದ್ಧವಾಯಿತು. ಕಾಶಿಯ ಘಾಟುಗಳಲ್ಲಿ ಬಹುತೇಕ ಇರುವುದು ಈ 7 ಕಿಲೋಮೀಟರಿನಲ್ಲೇ, ದೊಡ್ಡ ಮಡುಗಳಿರುವುದೂ ಅಲ್ಲೇ. ಮನೆ ಮುಂದಿನ ನೀರಿಗೆ ಬಲೆ ಬಿಡುವುದು ಮಲ್ಲಾಹರಿಗೆ ಅಪರಾಧವಾಯಿತು. ಆಮೆಗಳ ಸಂಖ್ಯೆ ಅಂದುಕೊಂಡಂತೆ ಏರಲಿಲ್ಲ. 2020ರಲ್ಲಿ ಆ ವನ್ಯಧಾಮವನ್ನು ರದ್ದುಮಾಡಿ, ಮೇಲ್ಹೊಳೆಯಲ್ಲಿ ಪ್ರಯಾಗರಾಜ, ಮಿರ್ಜಾಪುರ, ಭದೋಹಿ ಜಿಲ್ಲೆಗಳ ನಡುವೆ ಬೇರೊಂದನ್ನು ಗೊತ್ತುಮಾಡಲಾಯಿತು. ಕೇವಟಭೋಗವನ್ನು ವರ್ಷದ ಕೆಲವು ದಿನ ಮುಚ್ಚಿದ ಅಶೋಕನ ಆಜ್ಞೆಗಿಂತ 1989ರ ನಿಷೇಧ ಕಠಿಣವಾಗಿತ್ತು. ಬಿಟ್ಟುಕೊಟ್ಟವರಿಗೆ ಬದಲಿ ನೀರು ಯಾವುದೆಂದು ಅದರಲ್ಲಿ ಹೇಳಿರಲಿಲ್ಲ.

ಡಾಲ್ಫಿನ್ನಿನ ವಿಷಯದಲ್ಲಿ ಅಶೋಕನ ಕಾಲ ಮತ್ತು ನಮ್ಮ ಕಾಲ ಮತ್ತೆ ಕೂಡಿಕೊಂಡವು. ಸ್ಥಳೀಯರು ಸೂಂಸ್ ಎನ್ನುವ ಈ ಕುರುಡು ಪ್ರಾಣಿಯ ಎಣ್ಣೆಯ ವಾಸನೆಗೆ ಗರುವಾ, ಬಚ್ವಾ ಮೀನುಗಳು ಮುತ್ತುತ್ತವೆ. ಆದ್ದರಿಂದ ಗಂಗೆಯ ಕೆಳಭಾಗದಲ್ಲಿ, ಮುಖ್ಯವಾಗಿ ಬಿಹಾರದಲ್ಲಿ, ಅದನ್ನು ಮೀನಿನ ಆಮಿಷಕ್ಕೆ ಬಳಸುತ್ತಿದ್ದರು. ಎಣ್ಣೆಗಾಗಿ ಸೂಂಸ್ ಸಾಯುವುದನ್ನು ತಪ್ಪಿಸಲು ಮೀನಿನ ಕರುಳು, ಕಸಗಳಿಂದ ತೆಗೆದ ಎಣ್ಣೆಯನ್ನು ಪಟ್ನಾದ ಸಂಶೋಧಕರು ಬದಲಿಯಾಗಿ ತೋರಿಸಿಕೊಟ್ಟರು. 2009ರಲ್ಲಿ ಗಂಗಾ ಡಾಲ್ಫಿನ್ ರಾಷ್ಟ್ರೀಯ ಜಲಚರವೆಂದು ಘೋಷಿತವಾಯಿತು. ಬಲೆಗೆ ಸಿಕ್ಕಿದ ಸೂಂಸ್‌ನ್ನು ಬಿಡಿಸಿ ನೀರಿಗೆ ಬಿಡುವವರೂ, ಅದು ಎಲ್ಲಿ ಏಳುತ್ತದೆಂದು ಎಣಿಕೆಗೆ ಬಂದವರಿಗೆ ತೋರಿಸುವವರೂ ಕೇವಟರೇ.

ಈಗ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆ ಗಂಗೆಯ ಮೀನಿನ ಮರಿಗಳನ್ನು ಸಾಕಿ, ಕಾಶಿಯೂ ಸೇರಿದಂತೆ ಹಲವು ಘಾಟುಗಳಲ್ಲಿ ಹೊಳೆಗೆ ಬಿಡುತ್ತಿದೆ. ಫರಕ್ಕಾದ ಕೆಳಗೆ ಹಿಡಿದ ಹಿಲ್ಸಾವನ್ನು ಕಟ್ಟೆಯ ಮೇಲ್ಭಾಗಕ್ಕೆ ಸಾಗಿಸುವ ಪ್ರಯತ್ನವೂ ನಡೆದಿದೆ. ಘಾಟುಗಳ ಮುಂದೆ ಮಲ್ಲಾಹರ ದುಡಿಮೆ ಬಹುಪಾಲು ದೋಣಿಯ ಮೇಲೆ ನಿಂತಿದೆ. ಹುಟ್ಟಿನ ಜಾಗಕ್ಕೆ ಡೀಸೆಲ್ ಎಂಜಿನ್, ಅದರ ಜಾಗಕ್ಕೆ ಸಿಎನ್‌ಜಿ ಬಂದಿದೆ. ಸಂಜೆಯ ಆರತಿ ಮುಗಿದು ಪ್ರವಾಸಿಗಳು ಇಳಿದ ಮೇಲೆ ಕೆಲವು ದೋಣಿಗಳು ದೀಪ ಆರಿಸಿಕೊಂಡು ಮರಳದಿಣ್ಣೆಯ ಕಡೆಗೆ ತಿರುಗುತ್ತವೆ. ಬಿದಿರಿನ ಗಳುವಿಗೆ ಕಟ್ಟಿದ ಸಾಲುಗಾಳದ ತುದಿಯನ್ನು ನೀರಿಗೆ ಬಿಟ್ಟು, ಬೆಳಗಿನ ಮೊದಲ ಸ್ನಾನದವರು ಮೆಟ್ಟಿಲಿಗೆ ಬರುವ ಮುಂಚೆ ಎತ್ತಿಕೊಂಡು ಹೋಗುತ್ತಾರೆ.